ಆಫೀಸು ಮುಗಿಸಿ ತಾಲೀಮಿಗೆ: ನೌಕರಿ ಜೊತೆ ನಾಟಕ ಮಾಡಬೇಕೆನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹವ್ಯಾಸಿ ತಂಡವೊಂದರಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ಹಗಲು ನೌಕರಿ, ಸಂಜೆ ನಾಟಕ. ಪ್ರದರ್ಶನ ಮುಗಿದ ಮೇಲೆ ಯಾರಾದರೂ ಬಂದು ಮಾತಾಡಿಸುತ್ತಾರೆ. "ಕಾಲೇಜಿನಲ್ಲಿ ನನಗೂ ನಾಟಕದ ಹುಚ್ಚಿತ್ತು, ಈಗ ಟೈಮೇ ಸಿಗಲ್ಲ" ಅನ್ನುತ್ತಾರೆ. ಆಮೇಲೆ ಒಂದೊಂದೇ ಪ್ರಶ್ನೆ ಹೊರಗೆ ಬರುತ್ತದೆ. ಅವನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಬರೆಯುವವರಿಗೆ, ಹಾಡುವವರಿಗೆ, ಚಿತ್ರ ಬಿಡಿಸುವವರಿಗೂ ಕೆಲವು ಮಾತು ಉಪಯೋಗಕ್ಕೆ ಬರಬಹುದು. ಆದರೆ ನಾನು ಮಾಡಿ ತಿಳಿದಿರುವುದು ನಾಟಕ, ಹಾಗಾಗಿ ಅದರ ಬಗ್ಗೆಯೇ ಹೇಳುತ್ತೇನೆ.

ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ ಎಂಟಕ್ಕೆ. ನಾಟಕಕ್ಕೆ ಟೈಮ್ ಎಲ್ಲಿಂದ ತರಲಿ?

ಟೈಮ್ ಉಳಿದರೆ ಮಾಡೋಣ ಅಂತ ಕೂತರೆ ಅದು ಯಾವತ್ತೂ ಉಳಿಯುವುದಿಲ್ಲ. ನಾನು ಕಂಡ ಹಾಗೆ, ನಿಮಗಾಗಿ ಕಾಯುವ ಜನ ಇದ್ದರೆ ಮಾತ್ರ ಟೈಮ್ ಹುಟ್ಟುತ್ತದೆ. ಒಬ್ಬರೇ ಕೂತು ಮಾಡುವ ಕೆಲಸವನ್ನು ನಾಳೆಗೆ ತಳ್ಳುವುದು ಸುಲಭ. ಇವತ್ತು ಕಥೆ ಬರೆಯದಿದ್ದರೆ ಕೇಳುವವರು ಯಾರೂ ಇಲ್ಲ. ತಾಲೀಮಿಗೆ ಹೋಗದಿದ್ದರೆ ಹಾಗಲ್ಲ. ನಿಮ್ಮ ಎದುರು ನಿಂತು ಜಗಳವಾಡಬೇಕಾದ ನಟಿ ಗೋಡೆ ನೋಡಿಕೊಂಡು ಜಗಳವಾಡಬೇಕಾಗುತ್ತದೆ. ಅದು ಮನಸ್ಸಿನಲ್ಲಿದ್ದರೆ ಸುಸ್ತಾಗಿದ್ದರೂ ಕಾಲು ಆ ಕಡೆಗೇ ಹೋಗುತ್ತದೆ.

ಇನ್ನೊಂದು ವಿಷಯ. ವರ್ಷವಿಡೀ ಟೈಮ್ ಕೊಡಬೇಕಿಲ್ಲ. ಹವ್ಯಾಸಿ ತಂಡಗಳಲ್ಲಿ ಒಂದು ನಾಟಕಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ತಿಂಗಳ ತಾಲೀಮು, ಸಂಜೆ 6.30ರಿಂದ 9ರ ತನಕ. ವರ್ಷಕ್ಕೊಂದು ನಾಟಕ ಅಂತ ಇಟ್ಟುಕೊಂಡರೆ ಉಳಿದ ಹತ್ತು ತಿಂಗಳು ನಿಮ್ಮದೇ. ಹೆಚ್ಚಿನವರು "ಇನ್ನು ಮೇಲೆ ದಿನಾ ಒಂದು ಗಂಟೆ" ಅಂತ ಶಪಥ ಮಾಡಿ ಎರಡೇ ವಾರದಲ್ಲಿ ಸೋಲುತ್ತಾರೆ. ಅದಕ್ಕಿಂತ ಎರಡು ತಿಂಗಳು ಬಿಗಿಯಾಗಿ ದುಡಿದು ಆಮೇಲೆ ಆರಾಮಾಗಿರುವುದು ನೌಕರಿಯವರಿಗೆ ಹೆಚ್ಚು ಒಗ್ಗುತ್ತದೆ.

ದೊಡ್ಡ ಕಲಾವಿದರೆಲ್ಲ ಕೆಲಸ ಬಿಟ್ಟೇ ಅಲ್ವಾ ಮೇಲೆ ಬಂದದ್ದು?

ಅಲ್ಲ. ಗಿರೀಶ ಕಾರ್ನಾಡರು 1963ರಿಂದ 1970ರ ತನಕ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ನೌಕರಿಯಲ್ಲಿದ್ದರು. 'ತುಘಲಕ್' ಬಂದದ್ದು 1964ರಲ್ಲಿ, ಅಂದರೆ ನೌಕರಿಯಲ್ಲಿ ಇದ್ದಾಗಲೇ. ಜೊತೆಗೆ ಅಲ್ಲಿನ 'ಮದ್ರಾಸ್ ಪ್ಲೇಯರ್ಸ್' ಎಂಬ ಹವ್ಯಾಸಿ ತಂಡದಲ್ಲೂ ಇದ್ದರು. ಶ್ರೀರಂಗರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡುತ್ತಲೇ ನಾಟಕದ ಮೇಲೆ ನಾಟಕ ಬರೆದರು. ಗಾಯಕ, ಸಂಗೀತ ನಿರ್ದೇಶಕ ಸಿ. ಅಶ್ವಥ್ ಬಹುಕಾಲ ಬೆಂಗಳೂರಿನಲ್ಲಿ ಟೆಲಿಫೋನ್ ಮಾಡುವ ಐಟಿಐ ಕಾರ್ಖಾನೆಯ ಉದ್ಯೋಗಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1949ರಲ್ಲಿ ಶುರುವಾದಾಗ ಅದು ಅಡಿಕೆ ತೋಟದವರು ಊರಲ್ಲಿ ಕಟ್ಟಿಕೊಂಡ ಸಂಘ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಕೊನೆತನಕ ತೋಟ ಬಿಡಲಿಲ್ಲ.

ಬೆಂಗಳೂರಿನ ಕನ್ನಡ ರಂಗಭೂಮಿಯನ್ನು ಸಾಕಿದ್ದೇ ನೌಕರಿಯವರು. ಅಮೆಚ್ಯೂರ್ ಡ್ರಮ್ಯಾಟಿಕ್ ಅಸೋಸಿಯೇಷನ್, ನಾವೆಲ್ಲ ಎಡಿಎ ಅನ್ನುವ ಸಂಸ್ಥೆ, ಶುರುವಾದದ್ದು 1909ರಲ್ಲಿ. ಆಮೇಲೆ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐ ಕಾರ್ಖಾನೆಗಳು ಬಂದವು. ಅಲ್ಲಿನ ಕನ್ನಡ ಸಂಘಗಳು, ಬ್ಯಾಂಕು ನೌಕರರು, ಏಜಿ (ಅಕೌಂಟೆಂಟ್ ಜನರಲ್) ಆಫೀಸಿನವರು, ಮೇಷ್ಟ್ರುಗಳು ಸೇರಿಕೊಂಡರು. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ನಿರ್ದೇಶಕ ಬಿ.ವಿ. ಕಾರಂತರು ಒಂದರ ಹಿಂದೆ ಒಂದು ನಾಟಕ ಆಡಿಸಿದರಲ್ಲ, ಆ ಅಲೆಯನ್ನು ಹೊತ್ತ ನಟರಲ್ಲೂ ಬಹಳ ಮಂದಿ ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವರೇ. "ಹವ್ಯಾಸಿ" ಅಂದರೆ ಅರ್ಧಂಬರ್ಧ ಮಾಡುವವರು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ತಂಡ ಹುಡುಕುವುದು ಹೇಗೆ? ಅನುಭವ ಇಲ್ಲದವರನ್ನು ಸೇರಿಸಿಕೊಳ್ಳುತ್ತಾರಾ?

ನಾಟಕ ನೋಡಲು ಹೋಗಿ. ಕಲಾಕ್ಷೇತ್ರ, ಜೆ.ಪಿ. ನಗರದ ರಂಗಶಂಕರ, ಹನುಮಂತನಗರದ ಕೆ.ಎಚ್. ಕಲಾಸೌಧ, ನಿಮಗೆ ಯಾವುದು ಹತ್ತಿರವೋ ಅಲ್ಲಿಗೆ. ಬೇರೆ ಬೇರೆ ತಂಡದ ನಾಲ್ಕೈದು ನಾಟಕ ನೋಡಿದರೆ ಯಾರ ಕೆಲಸ ನಿಮಗೆ ಇಷ್ಟ ಅಂತ ಗೊತ್ತಾಗುತ್ತದೆ. ಪ್ರದರ್ಶನ ಮುಗಿದ ಮೇಲೆ ಗ್ರೀನ್ ರೂಮಿನ ಹತ್ತಿರ ಹೋಗಿ ನಿರ್ದೇಶಕರನ್ನು ಮಾತಾಡಿಸಿ. "ಪಾತ್ರ ಕೊಡಿ" ಅನ್ನಬೇಡಿ. "ಮುಂದಿನ ತಾಲೀಮಿಗೆ ಬಂದು ಕೂರಬಹುದಾ?" ಅಂತ ಕೇಳಿ. ಇದಕ್ಕೆ ಬೇಡ ಅಂದ ತಂಡವನ್ನು ನಾನು ನೋಡಿಲ್ಲ.

ರಂಗಶಂಕರಕ್ಕೆ ಹೋಗುವುದಾದರೆ ಒಂದು ಎಚ್ಚರ. ಸಂಜೆ 7.30ಕ್ಕೆ ಅಂದರೆ 7.30ಕ್ಕೇ ಶುರು. ತಡವಾದರೆ ಒಳಗೆ ಬಿಡುವುದಿಲ್ಲ. ಆಫೀಸಿನಿಂದ ನೇರ ಹೋಗುವವರು ಟ್ರಾಫಿಕ್ಕಿನ ಲೆಕ್ಕ ಹಾಕಿಯೇ ಹೊರಡಿ.

ಎರಡು ತಿಂಗಳ ತಾಲೀಮಿನಲ್ಲಿ ದಿನಾ ಏನು ಮಾಡುತ್ತೀರಿ? ಎಲ್ಲ ದಿನವೂ ಬರಲೇಬೇಕಾ?

ಇದು ಗೊತ್ತಿದ್ದರೆ ರಜೆ, ಮನೆ, ಆಫೀಸು ಎಲ್ಲವನ್ನೂ ಹೊಂದಿಸಿಕೊಳ್ಳಬಹುದು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಒಂದೆರಡು ವಾರ ರೀಡಿಂಗ್. ಎಲ್ಲರೂ ಸುತ್ತ ಕೂತು ನಾಟಕ ಓದುವುದು. ಪಾತ್ರ ಇನ್ನೂ ನಿಗದಿ ಆಗಿರುವುದಿಲ್ಲ. ಇವತ್ತು ರಾಜನ ಮಾತು ಓದಿದವರು ನಾಳೆ ಸೇವಕನ ಮಾತು ಓದುತ್ತಾರೆ. ಈ ಹಂತದಲ್ಲಿ ಒಂದು ದಿನ ತಪ್ಪಿದರೆ ಆಕಾಶವೇನೂ ಬೀಳುವುದಿಲ್ಲ. ಆಮೇಲೆ ಬ್ಲಾಕಿಂಗ್. ಯಾರು ಎಲ್ಲಿಂದ ಎಂಟ್ರಿ, ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ತಿರುಗಬೇಕು ಅನ್ನುವುದೆಲ್ಲ ಆಗ ತೀರ್ಮಾನವಾಗುತ್ತದೆ. ನಿಮ್ಮ ದೃಶ್ಯ ಇರುವ ದಿನ ತಪ್ಪಿಸಬಾರದು. ನೀವಿಲ್ಲದಿದ್ದರೆ ಇನ್ನೊಬ್ಬರು ಪ್ರಾಕ್ಸಿ ನಿಲ್ಲುತ್ತಾರೆ. ಆದರೆ ಪ್ರಾಕ್ಸಿಯವರು ನಿಂತ ಜಾಗ, ನಡೆದ ರೀತಿ ನಿಮ್ಮ ಮೈಗೆ ಬರುವುದಿಲ್ಲ. ಮರುದಿನ ಬಂದು ಅದನ್ನೇ ಮತ್ತೆ ಕಲಿಯಬೇಕು, ಉಳಿದವರು ಸುಮ್ನೆ ಕಾಯಬೇಕು.

ಕೊನೆಯ ಎರಡು ವಾರ ಪೂರ್ತಿ ರನ್, ಅಂದರೆ ಇಡೀ ನಾಟಕವನ್ನು ನಿಲ್ಲಿಸದೆ ಆಡುವುದು. ಕೊನೆಗೆ ಟೆಕ್ನಿಕಲ್ಸ್ (ಬೆಳಕು, ಧ್ವನಿ ಹೊಂದಿಸುವ ತಾಲೀಮು), ಗ್ರ್ಯಾಂಡ್ ರಿಹರ್ಸಲ್ (ವೇಷ, ಬೆಳಕು ಸಮೇತ ಕೊನೆಯ ತಾಲೀಮು), ಪ್ರದರ್ಶನ. ಈ ಎರಡು ವಾರ ಏನೇ ಆದರೂ ನೀವು ಇರಬೇಕು. ನಿಮ್ಮ ರಜೆಗಳನ್ನು ಇದಕ್ಕೇ ಉಳಿಸಿಕೊಳ್ಳಿ. ಗ್ರ್ಯಾಂಡ್ ರಿಹರ್ಸಲ್ ದಿನ ಮತ್ತು ಪ್ರದರ್ಶನದ ದಿನ ಪೂರ್ತಿ ರಜೆ ಹಾಕಿದರೆ ಒಳ್ಳೆಯದು. ಬೆಳಗ್ಗೆಯೇ ಥಿಯೇಟರಿಗೆ ಹೋಗಿ ಸೆಟ್ ಹೊಡೆಯುವ ಕೆಲಸವೂ ಇರುತ್ತದೆ. ನಟರು ಅಂತ ಅದರಿಂದ ಯಾರಿಗೂ ವಿನಾಯಿತಿ ಇಲ್ಲ.

ಪಾತ್ರ ಒಪ್ಪಿಕೊಳ್ಳುವ ಮೊದಲು ನಿರ್ದೇಶಕರ ಹತ್ತಿರ ನಿಜ ಹೇಳಿ. "ತಿಂಗಳ ಕೊನೆಯ ಮೂರು ದಿನ ನನಗೆ ಕ್ಲೋಸಿಂಗ್, ಬರಲು ಆಗಲ್ಲ" ಅಂತ ಮುಂಚೆಯೇ ಗೊತ್ತಿದ್ದರೆ ಅವರು ಆ ದಿನ ಬೇರೆ ದೃಶ್ಯ ಇಟ್ಟುಕೊಳ್ಳುತ್ತಾರೆ. ಸಂಜೆ ಆರಕ್ಕೆ ಬರುವ "ಸಾರಿ ಸರ್, ಸ್ಟಕ್" ಎಂಬ ಮೆಸೇಜ್ ಇದೆಯಲ್ಲ, ಅದರಿಂದ ತಂಡಕ್ಕೆ ಆಗುವಷ್ಟು ಹಾನಿ ಇನ್ಯಾವುದರಿಂದಲೂ ಆಗುವುದಿಲ್ಲ.

ಮಾತು ಕಂಠಪಾಠ ಮಾಡಲು ಯಾವಾಗ ಟೈಮ್ ಸಿಗುತ್ತದೆ?

ಓಡಾಟದಲ್ಲಿ. ಈಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದ ತನಕ ನೇರಳೆ ಮಾರ್ಗದ ಮೆಟ್ರೋ ಇದೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾಯಿತು. ಗಾಡಿ ಓಡಿಸುವ ಹೊತ್ತೆಲ್ಲ ಮೆಟ್ರೋದಲ್ಲಿ ನಿಮ್ಮ ಕೈಗೆ ವಾಪಸ್ ಸಿಗುತ್ತದೆ.

ನಮ್ಮಲ್ಲಿ ಬಹಳ ಮಂದಿ ಮಾಡುವ ಉಪಾಯ ಇದು. ಫೋನಿನಲ್ಲಿ ಇಡೀ ದೃಶ್ಯವನ್ನು ರೆಕಾರ್ಡ್ ಮಾಡಿಕೊಳ್ಳಿ. ಎದುರು ಪಾತ್ರದ ಮಾತನ್ನು ಜೋರಾಗಿ ಓದಿ. ನಿಮ್ಮ ಮಾತು ಬಂದಾಗ ಬಾಯಿ ಮುಚ್ಚಿ, ಅದನ್ನು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಜಾಗ ಖಾಲಿ ಬಿಡಿ. ಆಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾ, ಖಾಲಿ ಜಾಗ ಬಂದಾಗ ತುಟಿಯಲ್ಲೇ ನಿಮ್ಮ ಮಾತು ಹೇಳಿಕೊಳ್ಳಿ. ತಡವರಿಸಿದರೆ ಮುಂದಿನ ಮಾತು ನಿಮ್ಮ ಮೇಲೆ ಬಂದು ಬೀಳುತ್ತದೆ, ಎಲ್ಲಿ ಸಡಿಲ ಅಂತ ತಕ್ಷಣ ಗೊತ್ತಾಗುತ್ತದೆ. ಹೀಗೆ ಕಲಿತರೆ ಕ್ಯೂ, ಅಂದರೆ ನಿಮ್ಮ ಮಾತಿಗೆ ಮುಂಚೆ ಎದುರಿನವರು ಹೇಳುವ ಮಾತು, ಸಮೇತ ಬಾಯಿಗೆ ಬರುತ್ತದೆ. ಬರೀ ತಮ್ಮ ಮಾತನ್ನೇ ಉರು ಹೊಡೆದವರು ವೇದಿಕೆ ಮೇಲೆ ಎದುರಿನವರು ಒಂದು ಪದ ಬದಲಿಸಿದರೂ ಕಂಗಾಲಾಗುತ್ತಾರೆ.

ಮಲಗುವ ಮುಂಚೆ ಒಂದು ಸಲ ಓದಿ, ಬೆಳಗ್ಗೆ ಹಲ್ಲುಜ್ಜುವಾಗ ನೆನಪಿಸಿಕೊಳ್ಳಿ. ನಿಜವಾಗಿ ಕೆಲಸ ಮಾಡುತ್ತದೆ.

ಸರಿಯಾಗಿ ಸಂಜೆ 5.30ಕ್ಕೇ ಮೀಟಿಂಗ್ ಇಡುತ್ತಾರೆ. ಆಫೀಸಿನಲ್ಲಿ ನಾಟಕದ ವಿಷಯ ಹೇಳಬೇಕಾ?

ಹೇಳಿ. ಮುಚ್ಚಿಟ್ಟರೆ ದಿನಾ ಹೊಸ ಸುಳ್ಳು ಹುಡುಕಬೇಕು. ಇವತ್ತು ಹಲ್ಲುನೋವು, ನಾಳೆ ಅತ್ತೆ ಊರಿಂದ ಬರುತ್ತಾರೆ. ಅದಕ್ಕಿಂತ ಮ್ಯಾನೇಜರ್ ಹತ್ತಿರ ನೇರವಾಗಿ ಮಾತಾಡಿ: "ಮುಂದಿನ ಎರಡು ತಿಂಗಳು ಸಂಜೆ ಆರಕ್ಕೆ ಹೊರಡಬೇಕು. ಬೆಳಗ್ಗೆ ಒಂದು ಗಂಟೆ ಬೇಗ ಬರುತ್ತೇನೆ. ಇಂಥ ದಿನಾಂಕಕ್ಕೆ ಮುಗಿಯುತ್ತದೆ." ಮುಗಿಯುವ ದಿನಾಂಕ ಹೇಳುವುದು ಮುಖ್ಯ. ಕೊನೆ ಗೊತ್ತಿರುವ ಬೇಡಿಕೆಗೆ ಒಪ್ಪುವುದು ಯಾರಿಗಾದರೂ ಸುಲಭ. ಅವರಿಗೆ ಎರಡು ಪಾಸನ್ನೂ ಕೊಡಿ.

ಎಲ್ಲ ಮ್ಯಾನೇಜರುಗಳೂ ಒಪ್ಪುತ್ತಾರೆ ಅಂತ ಹೇಳಲಾರೆ. ಒಪ್ಪದಿದ್ದರೆ ವಾರಾಂತ್ಯಕ್ಕೆ ಮಾತ್ರ ತಾಲೀಮು ಇಡುವ ತಂಡ ಹುಡುಕಿ. ಅಂಥವೂ ಇವೆ.

ಖಾಸಗಿ ಕಂಪನಿಯವರು ನೇಮಕಾತಿ ಪತ್ರವನ್ನು ಒಮ್ಮೆ ತೆಗೆದು ಓದಿ. ಸಂಬಳವಿಲ್ಲದ ಹವ್ಯಾಸಿ ನಾಟಕಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಆದರೆ ಜಾಹೀರಾತು, ಧಾರಾವಾಹಿ ಅಂತ ದುಡ್ಡು ಬರುವ ಕೆಲಸ ಒಪ್ಪಿದರೆ "ಬೇರೆ ಉದ್ಯೋಗ ಮಾಡಬಾರದು" ಎಂಬ ಷರತ್ತು ಅಡ್ಡ ಬರಬಹುದು.

ನಾನು ಸರ್ಕಾರಿ ನೌಕರ. ನಾಟಕ ಮಾಡಬಹುದಾ?

ಕೇಂದ್ರ ಸರ್ಕಾರದ ನೌಕರರಿಗೆ 1964ರ ನಡತೆ ನಿಯಮಗಳಿವೆ. ಅದರ 15ನೇ ನಿಯಮದ ಪ್ರಕಾರ, ಆಗೊಮ್ಮೆ ಈಗೊಮ್ಮೆ ಮಾಡುವ ಸಾಹಿತ್ಯ, ಕಲೆ, ವಿಜ್ಞಾನದ ಕೆಲಸಕ್ಕೆ ಮುಂಚಿತ ಅನುಮತಿ ಬೇಕಿಲ್ಲ. ಕಚೇರಿ ಕೆಲಸಕ್ಕೆ ಅದರಿಂದ ತೊಂದರೆ ಆಗಬಾರದು. ಕರ್ನಾಟಕ ಸರ್ಕಾರದ ನೌಕರರಿಗೆ 2021ರ ನಡತೆ ನಿಯಮಗಳು ಬೇರೆ ಇವೆ. ಅದನ್ನು ಆಡಳಿತ ಶಾಖೆಯಲ್ಲಿ ಕೇಳಿ ಓದಿಕೊಳ್ಳಿ. ಸಿನಿಮಾ, ಧಾರಾವಾಹಿ ಅಂತ ಹೊರಟರೆ ಬರಹದಲ್ಲೇ ಅನುಮತಿ ತೆಗೆದುಕೊಳ್ಳಿ. ಬಾಯಿ ಮಾತಿನ "ಮಾಡಿ ಪರವಾಗಿಲ್ಲ" ಸಾಹೇಬರಿಗೆ ವರ್ಗಾವಣೆ ಆದ ದಿನವೇ ಹೋಗುತ್ತದೆ.

ಮನೆಯಲ್ಲಿ ಬೇಜಾರು ಮಾಡಿಕೊಳ್ಳುತ್ತಾರೆ. ಏನು ಮಾಡಲಿ?

ಬೇಜಾರಿಗೆ ಕಾರಣ ಇದೆಯಾ ಅಂತ ಮೊದಲು ನೋಡಿ. ನೀವು ರಾತ್ರಿ ಹತ್ತಕ್ಕೆ ಬಂದರೆ ಮಗುವಿಗೆ ಊಟ ಮಾಡಿಸಿದವರು, ಹೋಮ್‌ವರ್ಕ್ ಮಾಡಿಸಿದವರು, ಅಪ್ಪನಿಗೆ ಮಾತ್ರೆ ಕೊಟ್ಟವರು ಯಾರು? ನಿಮ್ಮ ಎರಡು ತಿಂಗಳ ಕೆಲಸ ಅವರ ತಲೆ ಮೇಲೆ ಬಿದ್ದಿರುತ್ತದೆ. ಅದಕ್ಕೆ ಸರಿಸಮ ಕೊಡಬೇಕು. ಬೆಳಗಿನ ಅಡುಗೆ, ಡಬ್ಬಿ, ಮಗುವನ್ನು ಶಾಲೆಗೆ ಬಿಡುವುದು ನೀವು ವಹಿಸಿಕೊಳ್ಳಿ. ನಾಟಕ ಮುಗಿದ ಮೇಲಿನ ತಿಂಗಳು ಅವರ ಇಷ್ಟದ ಕೆಲಸಕ್ಕೆ ನೀವು ಮನೆ ನೋಡಿಕೊಳ್ಳಿ. ಹೆಂಡತಿಗೆ ಸಂಗೀತದ ಕ್ಲಾಸಿಗೆ ಹೋಗಬೇಕು ಅಂತ ಹತ್ತು ವರ್ಷದಿಂದ ಆಸೆ ಇರಬಹುದು, ನೀವು ಕೇಳಿರುವುದಿಲ್ಲ. ರಂಗಭೂಮಿಯಲ್ಲಿ ಹೆಸರು ಮಾಡಿದ ಎಷ್ಟೋ ಗಂಡಸರ ಹಿಂದೆ ಒಂದೂ ತಾಲೀಮು ನೋಡಲಾಗದೆ ಮನೆ ಸಂಭಾಳಿಸಿದ ಹೆಂಗಸರಿದ್ದಾರೆ. ಅದು ಹಾಗೇ ಮುಂದುವರಿಯಬಾರದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಹೆಣ್ಣುಮಕ್ಕಳಿಗೆ ರಾತ್ರಿ ವಾಪಸ್ ಹೋಗುವುದೇ ಕಷ್ಟ. ತಂಡ ಏನು ಮಾಡುತ್ತದೆ?

ಮಾಡಲೇಬೇಕು. ಸೇರುವ ಮುಂಚೆಯೇ ಕೇಳಿ: ತಾಲೀಮು ಎಷ್ಟಕ್ಕೆ ಮುಗಿಯುತ್ತದೆ? ಜಾಗ ಮೆಟ್ರೋ ಅಥವಾ ಬಸ್ ಸ್ಟಾಪಿಗೆ ಹತ್ತಿರವಾ? ಒಂದೇ ದಿಕ್ಕಿಗೆ ಹೋಗುವವರು ಇದ್ದಾರಾ? ತಂಡದಲ್ಲಿ ಬೇರೆ ಹೆಂಗಸರು ಎಷ್ಟು ಮಂದಿ? ಬಟ್ಟೆ ಬದಲಿಸಲು, ಟಾಯ್ಲೆಟ್ಟಿಗೆ ಸರಿಯಾದ ಜಾಗ ಇದೆಯಾ? ಇವಕ್ಕೆ ಮುಖ ಸಿಂಡರಿಸುವ ತಂಡಕ್ಕೆ ಹೋಗಬೇಡಿ. ಒಳ್ಳೆಯ ತಂಡಗಳು ಹೆಂಗಸರ ದೃಶ್ಯಗಳನ್ನು ಮೊದಲು ತೆಗೆದುಕೊಂಡು ಬೇಗ ಕಳಿಸುತ್ತವೆ, ಮನೆ ಮುಟ್ಟಿದ ಮೆಸೇಜ್ ಬರುವ ತನಕ ಗ್ರೂಪಿನಲ್ಲಿ ಯಾರೋ ಒಬ್ಬರು ಎಚ್ಚರ ಇರುತ್ತಾರೆ.

ನನಗೆ ನೈಟ್ ಶಿಫ್ಟ್. ಸಂಜೆ ತಾಲೀಮು ಸಾಧ್ಯವೇ ಇಲ್ಲ.

ಹಾಗಾದರೆ ಸದ್ಯಕ್ಕೆ ಪಾತ್ರ ಬಿಡಿ, ನಾಟಕ ಬಿಡಬೇಡಿ. ರಂಗಸಜ್ಜಿಕೆ, ವಸ್ತ್ರ, ಪರಿಕರ, ಸಂಗೀತದ ಎಡಿಟಿಂಗ್, ಪೋಸ್ಟರ್ ಇವನ್ನೆಲ್ಲ ನಿಮ್ಮ ಹೊತ್ತಿಗೆ ಮಾಡಬಹುದು. ಪ್ರದರ್ಶನದ ದಿನ ರಜೆ ಹಾಕಿ ಬನ್ನಿ. ಲೈಟ್ ಬೋರ್ಡಿನ ಹಿಂದೆ ಕೂತವರು ಇಡೀ ನಾಟಕವನ್ನು ನಟರಿಗಿಂತ ಚೆನ್ನಾಗಿ ಬಲ್ಲರು.

ಕರಾವಳಿಯವರಾದರೆ ತಾಳಮದ್ದಳೆ ಇದೆ, ಯಕ್ಷಗಾನದ್ದೇ ಒಂದು ರೂಪ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ (ಹಾಡು) ಹೇಳಿದರೆ ಅರ್ಥಧಾರಿ ಕೂತಲ್ಲೇ ಮಾತು ಕಟ್ಟುತ್ತಾರೆ. ತಿಂಗಳುಗಟ್ಟಲೆ ಎಲ್ಲರೂ ಒಟ್ಟಿಗೆ ಸೇರಬೇಕಿಲ್ಲ. ಪ್ರಸಂಗ, ಪುರಾಣ ಓದಿಕೊಳ್ಳುವುದು ನಿಮ್ಮ ಬಿಡುವಿನಲ್ಲೇ. ಅಧ್ಯಾಪಕರು, ವಕೀಲರು, ಬ್ಯಾಂಕಿನವರು ಅಷ್ಟು ಮಂದಿ ಅರ್ಥಧಾರಿಗಳಾಗಿರುವುದು ಸುಮ್ನೆ ಅಲ್ಲ.

ಇದರಲ್ಲಿ ದುಡ್ಡು ಬರುತ್ತದಾ, ಹೋಗುತ್ತದಾ?

ಹೋಗುತ್ತದೆ. ಓಡಾಟ, ಚಹಾ, ಕೆಲವು ಕಡೆ ಸದಸ್ಯರ ವಂತಿಗೆ. ಮಂಡ್ಯ, ತುಮಕೂರು, ಹಾಸನದ ಹಳ್ಳಿಗಳಲ್ಲಿ ರಾತ್ರಿಯಿಡೀ ಆಡುವ 'ಕುರುಕ್ಷೇತ್ರ'ಕ್ಕೆ ಪಾತ್ರಧಾರಿಗಳೇ ದುಡ್ಡು ಕಟ್ಟುತ್ತಾರೆ. ದುರ್ಯೋಧನ, ಕೃಷ್ಣನ ಪಾತ್ರಕ್ಕೆ ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು, ಡ್ರಾಮಾ ಸೀನರಿ, ಡ್ರೆಸ್ಸಿನ ಖರ್ಚು ಅದರಿಂದಲೇ ಹುಟ್ಟುತ್ತದೆ. ನಾವು ನೌಕರಿಯವರು ಪುಕ್ಕಟೆ ಮಾಡಬಹುದು. ಆದರೆ ಇದನ್ನೇ ನಂಬಿ ಬದುಕುವ ನಿರ್ದೇಶಕರು, ಬೆಳಕಿನವರು, ಪ್ರಸಾಧನದವರು ಇದ್ದಾರೆ. ಅವರಿಗೆ ಮಾತ್ರ ಸರಿಯಾದ ಸಂಭಾವನೆ ಕೊಡಬೇಕು.

ಚಪ್ಪಾಳೆ ಕೇಳಿದ ಮೇಲೆ ಆಫೀಸಿಗೆ ಹೋಗಲು ಮನಸ್ಸಿಲ್ಲ. ಕೆಲಸ ಬಿಟ್ಟುಬಿಡಲಾ?

ಪ್ರದರ್ಶನ ಮುಗಿದ ವಾರ ಯಾವ ತೀರ್ಮಾನವೂ ಬೇಡ. ಆ ವಾರ ಎಲ್ಲರಿಗೂ ಹೀಗೇ ಅನ್ನಿಸುತ್ತದೆ. ಎರಡು ತಿಂಗಳು ದಿನಾ ಸೇರಿದ ಜನ ಒಮ್ಮೆಲೇ ಇಲ್ಲವಾದಾಗ ಸಂಜೆ ಆರೂವರೆಗೆ ಏನು ಮಾಡಬೇಕೋ ತೋಚುವುದಿಲ್ಲ.

ಬಿಡಲೇಬೇಕು ಅನ್ನಿಸಿದರೆ ಎರಡು ವಿಷಯ ನೋಡಿ. ಒಂದು, ಈಗಾಗಲೇ ನಿಮ್ಮನ್ನು ದುಡ್ಡು ಕೊಟ್ಟು ಕರೆಯುವವರು ಇದ್ದಾರಾ? ಬರೀ ನಾಟಕದಿಂದ ಮನೆ ನಡೆಸುವವರು ಕಮ್ಮಿ. ಹೆಚ್ಚಿನವರು ಧಾರಾವಾಹಿ, ಡಬ್ಬಿಂಗ್, ಶಾಲೆಗಳ ಕಾರ್ಯಾಗಾರ ಸೇರಿಸಿಕೊಂಡೇ ನಡೆಸುತ್ತಾರೆ. ಎರಡು, ಕಲಿಯಲು ಬಿಡುತ್ತೀರಾ, ಬೇಸರಕ್ಕೆ ಬಿಡುತ್ತೀರಾ? ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ 1980ರಿಂದ ಪೂರ್ಣಾವಧಿ ಕೋರ್ಸ್ ನಡೆಯುತ್ತಿದೆ. ಅಂಥ ಕಡೆ ಸೀಟು ಸಿಕ್ಕಿ, ಮನೆ ಖರ್ಚಿಗೆ ದಾರಿ ಇದ್ದರೆ ಧೈರ್ಯ ಮಾಡಿ. ಕಾರ್ನಾಡರು ಕೆಲಸ ಬಿಟ್ಟಾಗ ಕೈಯಲ್ಲಿ ಹೋಮಿ ಭಾಭಾ ಫೆಲೋಶಿಪ್ ಇತ್ತು. ಬರೀ ಬಾಸ್ ಮೇಲಿನ ಸಿಟ್ಟಿಗಾದರೆ ಬೇರೆ ಆಫೀಸು ಹುಡುಕಿಕೊಳ್ಳಿ.

ಸಂಬಳ ಇರುವವರಿಗೆ ಒಂದು ಸ್ವಾತಂತ್ರ್ಯ ಇದೆ. ಇಷ್ಟವಿಲ್ಲದ ನಾಟಕಕ್ಕೆ ಬೇಡ ಅನ್ನಬಹುದು. ಜನ ಬರುತ್ತಾರೋ ಇಲ್ಲವೋ ಅಂತ ಹೆದರದೆ ಕಷ್ಟದ ನಾಟಕ ಎತ್ತಿಕೊಳ್ಳಬಹುದು. ಇದನ್ನು ಹಗುರವಾಗಿ ನೋಡಬೇಡಿ.

ರಾಜ್ಯೋತ್ಸವಕ್ಕೆ ಆಫೀಸಿನಲ್ಲೇ ನಾಟಕ ಮಾಡಿಸೋಣ ಅಂತಿದ್ದೇವೆ. ಯಾರ ಅನುಮತಿ ಬೇಕು?

ಶುರು ಮಾಡಲು ಒಳ್ಳೆಯ ದಾರಿ. ಓಡಾಟವೇ ಇಲ್ಲ, ಕ್ಯಾಂಟೀನಿನಲ್ಲೇ ತಾಲೀಮು ಮಾಡಬಹುದು. ಅರ್ಧ ಗಂಟೆಯ ನಾಟಕ ಸಾಕು. ಲೇಖಕರು ತೀರಿಕೊಂಡು 60 ವರ್ಷ ದಾಟಿದರೆ ಹಕ್ಕುಸ್ವಾಮ್ಯ ಇರುವುದಿಲ್ಲ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಹಾಗಾಗಿ ಅವರ ನಾಟಕಗಳನ್ನು ಯಾರು ಬೇಕಾದರೂ ಆಡಬಹುದು. ಟಿಕೆಟ್ ಇಲ್ಲದ ಪ್ರೇಕ್ಷಕರ ಮುಂದೆ ಹವ್ಯಾಸಿ ಸಂಘ ಆಡುವ ನಾಟಕಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆದರೂ ಲೇಖಕರು ಬದುಕಿದ್ದರೆ ಒಂದು ಫೋನ್ ಮಾಡಿ ಕೇಳಿ. ಅವರಿಗೂ ಖುಷಿ. ಎಷ್ಟೋ ಸಲ ನಾಟಕ ನೋಡಲು ಅವರೇ ಬರುತ್ತಾರೆ.

ಕರ್ನಾಟಕದ ಹೊರಗಿದ್ದೇವೆ. ಕನ್ನಡ ನಾಟಕ ಎಲ್ಲಿ ಮಾಡೋದು?

ಕನ್ನಡ ಸಂಘಕ್ಕೆ ಹೋಗಿ. ಮುಂಬಯಿಯಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಷನ್ ಇದೆ, ದೆಹಲಿಯಲ್ಲಿ ಕರ್ನಾಟಕ ಸಂಘ ಇದೆ. ಅಮೆರಿಕದ ಊರೂರಿನ ಸಂಘಗಳವರು ಯುಗಾದಿ, ರಾಜ್ಯೋತ್ಸವಕ್ಕೆ ನಾಟಕ ಆಡುತ್ತಾರೆ. ದೂರ ದೂರ ಇರುವವರು ರೀಡಿಂಗ್ ಹಂತವನ್ನು ವಾರದ ದಿನ ವಿಡಿಯೋ ಕಾಲ್‌ನಲ್ಲಿ ಮುಗಿಸಿ, ಬ್ಲಾಕಿಂಗ್ ಮಾತ್ರ ಶನಿವಾರ ಭಾನುವಾರ ಯಾರದಾದರೂ ಮನೆಯಲ್ಲಿ ಇಟ್ಟುಕೊಂಡರೆ ಆಗುತ್ತದೆ. ಬ್ಲಾಕಿಂಗನ್ನು ವಿಡಿಯೋದಲ್ಲಿ ಮಾಡಲು ಹೋಗಬೇಡಿ, ಆಗುವುದಿಲ್ಲ.

ನಲವತ್ತೈದು ಆಯಿತು. ಲೇಟಾಯಿತಾ?

ಇಲ್ಲ. ಅಪ್ಪ, ಅಮ್ಮ, ರಾಜ, ಮಂತ್ರಿ, ಜಡ್ಜ್ ಪಾತ್ರಗಳಿಗೆ ಇಪ್ಪತ್ತೆರಡರ ಹುಡುಗರ ತಲೆಗೆ ಬಿಳಿ ಬಳಿದು ಸಾಕಾಗಿದೆ ನಮಗೆ. ಬನ್ನಿ.

ಮಗು ಆದ ಮೇಲೆ ಬಿಟ್ಟೆ, ಮೂರು ವರ್ಷ ಆಯಿತು. ಮತ್ತೆ ಸೇರಿಸಿಕೊಳ್ಳುತ್ತಾರಾ?

ಖಂಡಿತ. ಪ್ರತಿ ತಂಡದಲ್ಲೂ ಹೀಗೆ ಹೋಗಿ ಬಂದವರಿದ್ದಾರೆ. ಪ್ರಮೋಷನ್ ಅಂತ ಹೋದವರು, ಊರಿಗೆ ವರ್ಗ ಆಗಿ ಹೋದವರು, ಅಮ್ಮನಿಗೆ ಹುಷಾರಿಲ್ಲ ಅಂತ ಬಿಟ್ಟವರು. ನಾಚಿಕೆಪಟ್ಟುಕೊಂಡು ದೂರ ಉಳಿಯಬೇಡಿ. ಹಳೆಯ ನಿರ್ದೇಶಕರಿಗೆ ಫೋನ್ ಮಾಡಿ, ರೀಡಿಂಗ್ ಯಾವಾಗ ಶುರು ಅಂತ ಕೇಳಿ. ಮೊದಲ ಸಲಕ್ಕೆ ಚಿಕ್ಕ ಪಾತ್ರ ತೆಗೆದುಕೊಳ್ಳಿ, ಮೊದಲ ಮತ್ತು ಕೊನೆಯ ದೃಶ್ಯದಲ್ಲಿ ಮಾತ್ರ ಬರುವಂಥದ್ದು. ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲದ ದಿನ ಜೊತೆಗೇ ಕರೆದುಕೊಂಡು ಬನ್ನಿ. ತಾಲೀಮಿನ ಮೂಲೆಯಲ್ಲಿ ಕೂತು ಬಣ್ಣ ಹಚ್ಚುವ ಮಕ್ಕಳು ನಮ್ಮಲ್ಲಿ ಈಗಲೂ ಇದ್ದಾರೆ, ಕೆಲವರಿಗೆ ಇಡೀ ನಾಟಕದ ಮಾತು ಬಾಯಿಗೆ ಬರುತ್ತದೆ.